ಇಲ್ಲ ಎಂದು ಬರೆಸಿದ್ದು

ಮೂರು ವರ್ಷ ಬರೆಸಿದ್ದೇನೆ, ತ್ಸಾರಾತಾನಾನಾದ ಇದೇ ಏಣಿನ ಮೇಲೆ ನಿಂತು:
ಇಲ್ಲ.
ರವಾಕಾ ಹಣೆಯ ದೀಪ ಬಗ್ಗಿಸಿ ಬರೆದುಕೊಂಡಿದ್ದಾಳೆ
ತಾರೀಕು, ಎತ್ತರ, ಎಲೆಯ ಮೇಲಿನ ತೇವ.
ಕಿವಿಗೊಟ್ಟವರು: ತುಂಬುಜಾರ.
ಕಪ್ಪೆ: ಇಲ್ಲ.

ಈ ಕಾಡಿನಲ್ಲಿ ನನ್ನ ಮಾತಿಗೆ ಎದುರು ಮಾತಿಲ್ಲ.
ಗೋಸುಂಬೆ ರಾತ್ರಿ ಬಿಳಿಚಿಕೊಂಡು ಮಲಗುತ್ತದೆ,
ಹಗಲೆಲ್ಲ ಕಾಣದ್ದು, ದೀಪ ತಾಗಿದರೆ
ಒಣಹಾಕಿ ಮರೆತ ಕರವಸ್ತ್ರದಂತೆ ಕೊಂಬೆಯಲ್ಲಿ ಸಿಗುತ್ತದೆ
ಎಂದು ಅವಳ ಗುರುಗಳಿಗೆ ತೋರಿಸಿದವನು ನಾನು.
ಕೊಳೆತ ದಿಮ್ಮಿ ಮಗುಚಿದರೆ ಇದ್ದ ಹಾಗೇ ಮುಚ್ಚಿಬಿಡಿ,
ಅದು ಕಾಲಿಲ್ಲದ ಹಾವುರಾಣಿಯ ಮನೆಯ ಮಾಡು, ಎಂದವನೂ.

ನಾವು ಹುಡುಕುವುದು ಗೇರುಬೀಜಕ್ಕಿಂತ ಚಿಕ್ಕದು.
ಕೇದಗೆಯ ಕಂಕುಳಲ್ಲಿ ನಿಂತ ಒಂದು ಗುಟುಕು ನೀರೇ ಅದರ ಕೆರೆ,
ಹುಟ್ಟು ಸಂಸಾರ ಸಾವು ಎಲ್ಲ ಅಲ್ಲೇ.
ಕಣ್ಣಿಗೆ ಬೀಳುವುದಿಲ್ಲ, ಕೂಗಿನಿಂದಲೇ ಹಿಡಿಯಬೇಕು.
ಗಾಜಿನ ಮೇಲೆ ಸೂಜಿ ಎಳೆದಷ್ಟು ಸಣ್ಣ ಕೂಗು.
ಹರೆಯದಲ್ಲಿ ಅದರ ಗದ್ದಲಕ್ಕೆ ನಿದ್ದೆಗೆಟ್ಟು
ಬೈದಿದ್ದೂ ಉಂಟು.

ಈ ಸಲ ಅಕ್ಕಿ ಹೊರಲು ಬಂದವಳು ಲಲಾವು,
ತಂಗಿಯ ಮೊಮ್ಮಗಳು, ಹನ್ನೊಂದು ವರ್ಷ.
ಪಾತ್ರೆಯ ತಳದ ಸೀಕಲಿಗೆ ನೀರು ಹುಯ್ದು ಕುದಿಸಿ
ಎಲ್ಲರಿಗೂ ಕೊಟ್ಟಳು. ಕುಡಿಯುತ್ತ
ಮಂಜು ಸರಿಯಲೆಂದು ಕಾಯುತ್ತಿದ್ದೆವು.
ಕಾಲಿನ ಜಿಗಣೆಗೆ ಉಪ್ಪು ಒತ್ತುತ್ತ ಅವಳು ಕೇಳಿದಳು:
"ತಾತ, ಆವಾಗಿಂದ ಟಿಣ್ ಟಿಣ್ ಅಂತಿರೋದು ಏನು?"

"ಯಾವುದು?"

"ಇದೇ. ಈಗ. ಮತ್ತೆ ಈಗ.
ಅಲ್ಲೊಂದು. ಅದಕ್ಕೆ ಉತ್ತರ ಕೊಡ್ತಾ ಇಲ್ಲೊಂದು."

ಕಿವಿಗೊಟ್ಟೆ.
ಹನಿ ತೊಟ್ಟಿಕ್ಕುವುದು ಕೇಳಿತು. ಕೆಳಗಿನ ಹಳ್ಳ ಕೇಳಿತು.
ಗುಡಾರದಲ್ಲಿ ರವಾಕಾ ಕೆಮ್ಮಿದ್ದು ಕೇಳಿತು.
ಹೋದ ವರ್ಷ ಅವಳೂ ಕೇಳಿದ್ದಳು, ಏನದು ಸಣ್ಣ ಸದ್ದು ಎಂದು.
ಜೀರುಂಡೆ, ಅಂದಿದ್ದೆ.
ನನ್ನ ಮಾತೆಂದು ನಂಬಿ ತನ್ನ ಕಿವಿಯನ್ನು ಬಿಟ್ಟುಕೊಟ್ಟಳು.

ನನಗೆ ಅರವತ್ತೇಳು.
ಇಲ್ಲವಾದದ್ದು ಏನೆಂದು ಆಗ ತಿಳಿಯಿತು.

ಕತ್ತಲೆ, ಹೇಗೂ ಮುಖ ಕಾಣುವುದಿಲ್ಲ.
"ಯಾವ ಕಡೆ?" ಅಂದೆ, ಪರೀಕ್ಷೆ ಮಾಡುವ ಮೇಷ್ಟರ ದನಿಯಲ್ಲಿ.
ಅವಳಿಗೆ ಗೊತ್ತಾಯಿತೋ ಏನೋ,
ಉಪ್ಪಿನ ಬೆರಳಿನಿಂದ ನನ್ನ ಗಲ್ಲ ಹಿಡಿದು
ಮೆಲ್ಲಗೆ ತಿರುಗಿಸಿದಳು, ಎಡಕ್ಕೆ, ಚೂರು ಮೇಲಕ್ಕೆ, ಹಾಂ.

ಹೋದೆ. ಕೇದಗೆಯ ಗರಗಸದ ಅಂಚು ಸರಿಸಿ ದೀಪ ಬಿಟ್ಟೆ.
ಇತ್ತು.
ಗಂಟಲ ಚೀಲ ಉಬ್ಬುತ್ತಿತ್ತು, ಇಳಿಯುತ್ತಿತ್ತು, ಉಬ್ಬುತ್ತಿತ್ತು,
ನನ್ನ ಪಾಲಿಗೆ ಮೂಕವಾಗಿ.

ರವಾಕಾ ಓಡಿ ಬಂದಳು, ಒಂದೇ ಕಾಲಿಗೆ ಬೂಟು.
ನಕ್ಕಳು, ಅತ್ತಳು, ಪುಸ್ತಕ ತೆಗೆದಳು.
ಕಿವಿಗೊಟ್ಟವರು, ಎಂದು ಬರೆದು, ನನ್ನನ್ನು ಕೇಳದೆಯೇ
ನನ್ನ ಹೆಸರು ಶುರುಮಾಡಿದಳು.
"ಲಲಾವು" ಅಂದೆ. "ಎರಡು ಲ."
ಹಿಂದಿನ ಪುಟಗಳ ವಿಷಯ ನಾಳೆ ಹೇಳಬೇಕು.
ಬೆಳಕಾಗಲಿ.

ಅವಳಾಗಲೇ ಬೆರಳು ಮಡಚುತ್ತ ಎಣಿಸುತ್ತಿದ್ದಳು,
ಹನ್ನೆರಡು, ಹದಿಮೂರು,
ಅಯ್ಯೋ ತಾತ, ಆಚೆ ಗುಡ್ಡದಲ್ಲೂ.