ಬಿಗಿದಿಟ್ಟದ್ದು

"ಗುರಿ ತಪ್ಪುತ್ತಿದೆ" ಎಂದಳು ಮೊರಾಗ್ ಪಿತ್ಕೆತ್ಲಿ,
ಕಂಬಳಿಯಲ್ಲಿ ಸುತ್ತಿದ ಗಾಳಿಕೋವಿಯನ್ನು
ದೊಡ್ಡ ಮೀನೊಂದನ್ನು ಇಳಿಸುವ ಹಾಗೆ
ನನ್ನ ಮೇಜಿನ ಮೇಲೆ ಇಳಿಸಿ.
ಹೊರಗೆ ನೇಸ್ಬಿಯ ಜುಲೈ. ಈ ದಕ್ಷಿಣದಲ್ಲಿ ಜುಲೈ ಎಂದರೆ
ಪಾಪ್ಲರ್ ಮರದ ಕಡ್ಡಿಕಡ್ಡಿಗೂ ಮಂಜಿನ ಹರಳು,
ಹಾಕ್‌ಡನ್ ಬೆಟ್ಟದ ಸಾಲಿಗೆ ಬಿಳಿ ಮುಸುಕು.

ನಲವತ್ತು ವರ್ಷ ಹೊಲಿಗೆಯಂತ್ರ ರಿಪೇರಿ ಮಾಡಿದ ಕೈ ನನ್ನದು.
ಈಗ ಯಾರು ಹೊಲಿಯುತ್ತಾರೆ?
ಮೊಲಗಳು ಮಾತ್ರ ಕಡಿಮೆಯಾಗಿಲ್ಲ.

ಮೊದಲು ಸುಲಭದ್ದನ್ನು ನೋಡಬೇಕು.
ಎದೆ ಕೊಯ್ಯುವ ಡಾಕ್ಟರೂ ಮೊದಲು ನಾಲಿಗೆ ತೋರಿಸು ಎನ್ನುತ್ತಾನೆ.
ಹಿಡಿಯ ಮೂರು ಸ್ಕ್ರೂಗಳೂ ಬಿಗಿ.
ದುರ್ಬೀನು ಕದಲಿಲ್ಲ. ಅದೇ ಆಶ್ಚರ್ಯ;
ಈ ಜಾತಿಯ ಕೋವಿ ಹಿಂದಕ್ಕೂ ಒದೆಯುತ್ತದೆ, ಮುಂದಕ್ಕೂ,
ಜಗಳವಾಡಿ ಹೊರಟವರು ಬಾಗಿಲಲ್ಲಿ ತಿರುಗಿ ನಿಂತ ಹಾಗೆ.
ಒಳ್ಳೊಳ್ಳೆಯ ಗಾಜು ಇದರ ಬೆನ್ನ ಮೇಲೆ ಸಡಿಲಗೊಂಡಿದೆ.

ನಳಿಗೆಯ ಕೀಲಿನ ಮೇಲೆ ಟಿಶ್ಯೂ ಕಾಗದದ ಚೂರಿಟ್ಟು
ಮರಳಿನ ಡಬ್ಬಿಗೆ ಒಂದು ಈಡು.
ಕಾಗದ ಅಲುಗಲಿಲ್ಲ, ಸರಿ, ಅಲ್ಲಿ ಸೋರಿಕೆಯಿಲ್ಲ.
ಆದರೆ 'ಥಪ್' ಎಂದು ಬಾಯಿ ಮುಚ್ಚಬೇಕಾದ್ದು
'ಠೊಂಯ್' ಎಂದು ನರಳಿ
ಆಮೇಲೂ ಏನೋ ಗೊಣಗಿತು.
ನಳಿಗೆಯ ಬಾಯಲ್ಲಿ ನೀಲಿ ಹೊಗೆ, ಹಳೇ ಬಾಣಲೆಯ ವಾಸನೆ.

"ಎಣ್ಣೆ ಬಿಟ್ಟೆಯಾ?"
"ವಾರಕ್ಕೊಂದು ಹನಿ. ಒಳ್ಳೆಯದಾಗಲಿ ಅಂತ."
ಒಳ್ಳೆಯದಾಗಲಿ ಅಂತ ಬಿಡುವ ಹನಿಯೇ ಇದನ್ನು ಕೊಲ್ಲುವುದು, ಮೊರಾಗ್.
ಪಿಸ್ಟನ್ನು ನುಗ್ಗಿ ಗಾಳಿಯನ್ನು ಹಿಂಡುವಾಗ
ಡೀಸೆಲ್ ಲಾರಿಯ ಹೊಟ್ಟೆಯ ಹಾಗೆ ಒಳಗೆ ಹೊತ್ತಿಕೊಂಡು
ಸೀಲಿನ ತುಟಿ ಸುಡುತ್ತದೆ.
ವೇಗ ಅಳೆಯುವ ಪೆಟ್ಟಿಗೆ ತೋರಿಸಿತು: ಆರುನೂರ ಹತ್ತು ಅಡಿ.
ಹೊಸದರಲ್ಲಿ ಒಂಬೈನೂರು.
ಎಣ್ಣೆ ಹೊತ್ತಿಯೂ ಇಷ್ಟೇ.

ಬಿಚ್ಚುವಾಗ ನಾನು ಮಾತಾಡುವುದಿಲ್ಲ.
ಹಿಂಬದಿಯ ಗೂಟಕ್ಕೆ ಒತ್ತಿಕೊಂಡಿರುತ್ತದೆ ಸ್ಪ್ರಿಂಗು,
ಸುಮ್ಮನಿರುವಾಗಲೂ ಸುಮ್ಮನಿರದು.
ಕ್ಲಾಂಪಿನಲ್ಲಿ ಹಿಡಿದು, ತಿರುಪನ್ನು ಒಂದೊಂದೇ ಸುತ್ತು ಬಿಡಬೇಕು,
ಅದರ ದಾರಿಯಲ್ಲಿ ಮುಖ ಇಡಬಾರದು.
ಈ ಶೆಡ್ಡಿನ ತಗಡಿನಲ್ಲಿ ಒಂದು ತಗ್ಗಿದೆ,
ನನ್ನ ಬಾಯಲ್ಲಿ ಎರಡು ಹಲ್ಲಿಲ್ಲ;
ಎರಡೂ ಒಂದೇ ಮಧ್ಯಾಹ್ನದವು.

ಹೊರಬಂದದ್ದನ್ನು ಗಾಜಿನ ಮೇಲೆ ಉರುಳಿಸಿದೆ.
ಉರುಳಲಿಲ್ಲ, ಕುಂಟಿತು.
ನಡು ಬಾಗಿದೆ, ಉದ್ದದಲ್ಲಿ ಒಂದು ಅಂಗುಲ ಕುಗ್ಗಿದೆ.
ಸೀಲು ಮಾತ್ರ ಅಂಗಡಿಯಿಂದ ಬಂದಂತೆಯೇ ಇದೆ, ಅಂಚು ತುಸು ಕಪ್ಪು.
ನಳಿಗೆಯ ಒಳಗೆ ಸೀಸದ ಗೆರೆ ಇಲ್ಲವೆಂದರೆ ಇಲ್ಲ.
ಹೊಡೆದು ಸವೆದದ್ದಲ್ಲ ಇದು.

"ಎಷ್ಟು ಹೊತ್ತು ಬಿಗಿದಿಡುತ್ತೀಯ?"
ಅವಳು ಒಲೆಯ ಮೇಲಿನ ಕೆಟಲ್ಲನ್ನು ನೋಡಿದಳು.
"ಸಂಜೆ ಬಿಗಿಯುತ್ತೇನೆ. ಬೇಲಿಯ ಬಳಿ ಬರುತ್ತವೆ.
ಒಂದಕ್ಕೆ ಕಿವಿ ಹರಿದಿದೆ. ಕೂತು ಮುಖ ತೊಳೆಯುತ್ತದೆ.
ಅಷ್ಟರಲ್ಲಿ ಕತ್ತಲಾಗುತ್ತದೆ.
ಬಾಗಿಲ ಹಿಂದೆ ಹಾಗೇ ಇಟ್ಟು ಮಲಗುತ್ತೇನೆ."
"ಗುಂಡೂ ಒಳಗೇ?"
ತಲೆಯಾಡಿಸಿದಳು. ನನ್ನ ಬೆನ್ನು ತಣ್ಣಗಾಯಿತು.
"ಎಂದಿನಿಂದ?"
"ಫೆಬ್ರವರಿ. ಲಾಕ್ಲನ್ ಟುಲೊಕ್ ದಿನಾ ಲೆಕ್ಕ ಕೇಳುತ್ತಾನೆ.
ನನ್ನ ಮೊಲ ಅವನ ಹುಲ್ಲು ಮೇಯುತ್ತದಂತೆ.
ಗುರಿ ತಪ್ಪುತ್ತಿದೆ ಅಂತ ಹೇಳಿದ್ದೇನೆ."

ಲಾಕ್ಲನ್ ಹೇಳುವುದು ಸುಳ್ಳಲ್ಲ.
ಬೋಳಾದ ಗುಡ್ಡಗಳನ್ನು ನಾನೂ ನೋಡಿದ್ದೇನೆ,
ಥೈಮಿನ ಬೇರಿನವರೆಗೂ ತಿಂದು
ಮಣ್ಣು ಗಾಳಿಗೆ ಏಳುವುದನ್ನು.
ಬೈಯಬೇಕಾದ್ದಕ್ಕೆ ಬೈದೆ: ಬಾಗಿಲ ಹಿಂದೆ ತುಂಬಿದ ಕೋವಿ
ಇನ್ನೊಮ್ಮೆ ಇಟ್ಟರೆ ವಾಪಸ್ಸು ಕೊಡುವುದಿಲ್ಲ ಎಂದೆ.
ಉಳಿದದ್ದಕ್ಕೆ ಬಾಯಿ ಬರಲಿಲ್ಲ.

ರಸೀದಿ ಬರೆದೆ, ಆಚೆ ಹೊಲದ ಟುಲೊಕ್‌ಗೂ ಕಾಣುವಷ್ಟು
ದಪ್ಪ ಅಕ್ಷರದಲ್ಲಿ:
ಸ್ಪ್ರಿಂಗು ಬಾಗಿದೆ. ಜರ್ಮನಿಯಿಂದ ಬರಬೇಕು.
ಮೂರು ತಿಂಗಳು.
ಅವಳು ಕಂಬಳಿ ಮಡಚಿ, ಚಹಾ ಕುಡಿದು ಹೋದಳು.

ಮೇಜಿನ ಎರಡನೆಯ ಡ್ರಾಯರಿನಲ್ಲಿ
ಗ್ರೀಸು ಕಾಗದ ಸುತ್ತಿದ ಹೊಸ ಸ್ಪ್ರಿಂಗು ಮೂರಿದ್ದವು.
ಅದೇ ಅಳತೆ.
ಅವಳು ಕೂತಿದ್ದಷ್ಟು ಹೊತ್ತೂ
ಅದನ್ನು ಮೊಣಕಾಲಿನಿಂದ ಒತ್ತಿ ಹಿಡಿದಿದ್ದೆ.