ಎಡಗಡಿ ಆವಾಜು

ಮೊದಲ ಸಲ ಕೇಳಿದ್ದು ಭಂಕೂರ ದಾಟಿದ ಮ್ಯಾಲ.
ಖಾಲಿ ಪಿಕಪ್ಪು, ಮುಂಜಾನಿ ಆರೂವರಿ,
ಎಡಗಡಿ ಗಾಲಿ ಬುಡಕ ಯಾರೋ ಬಾಗಿಲ ಬಡದಂಗ
ಒಂದೇ ಸಲ, ಠಕ್.
ಆಮ್ಯಾಲ ಸುಮ್ಮ.

ಫರಸಿ ಹೇರಿದಾಗ ಇಲ್ಲ,
ಇಳಿಸಿ ತಿರುಗಿ ಬರೂ ಮುಂದ ಅದ.
ನಲವತ್ತರಾಗ ಇಲ್ಲ, ಹತ್ತರಾಗ ಅದ.
ಡೀಸೆಲ್ ಚೀಟಿ ಹಿಂದ ಬರದಿಟ್ಟೆ ಎಲ್ಲಾ,
ಕೂಸಿನ ಜ್ವರ ತಾಸಿಗೊಮ್ಮೆ ಬರದಿಟ್ಟಂಗ.

ರುಕ್ಮೋದ್ದೀನನ ಗ್ಯಾರೇಜು ಸೇಡಂ ರೋಡಿಗಿ,
ಬೇವಿನ ಗಿಡಕ್ಕ ಜೋತುಬಿಟ್ಟ ಟೈರೇ ಬೋರ್ಡು.
ಬಾನೆಟ್ಟಿಗಿ ಎರಡೂ ಕೈ ಊರಿ ಅದುಮಿ ಬಿಟ್ಟ,
ಗಾಡಿ ಎರಡು ಸಲ ಕುಣೀತು.
"ಶಾಕಪ್ ಹೋಗ್ಯಾವ" ಅಂದ.
ಎರಡೂ ಬದ್ಲಿ ಮಾಡಿಸಿದೆ, ನಾಲ್ಕು ಸಾವಿರದ ಎಂಟುನೂರು.
ರಿಂಗ್ ರೋಡ್ ಹತ್ತೂದರಾಗ
ಠಕ್ ಅಂತು, ನಾ ಇನ್ನಾ ಇದ್ದೀನಿ ಅಂದಂಗ.

ಮರುವಾರ ಜ್ಯಾಕ್ ಹಚ್ಚಿದ.
ಗಾಲಿ ಮ್ಯಾಲ ಕೆಳಗ ಹಿಡಿದು ಜಗ್ಗಿದ,
ಬಾಲ್ ಜಾಯಿಂಟ್ ಗಟ್ಟಿ.
ಎಡಕ್ಕ ಬಲಕ್ಕ ಹಿಡಿದು ಜಗ್ಗಿದ,
ಸ್ಟೇರಿಂಗ್ ರಾಡೂ ಗಟ್ಟಿ.
ಆರ್ಮಿನ ಬುಶ್ಶಿಗಿ ಹಾರಿ ಕೊಟ್ಟು ಎಬ್ಬಿಸಿ ನೋಡಿದ,
ರಬ್ಬರ್ ಸೀಳ್ಯಾದ, ಆದ್ರ ಮಾತಾಡವಲ್ದು.
ಚಾ ತರಿಸಿದ. ಎರಡನೇ ಚಾನೂ ಆಯ್ತು.
"ದವಾಖಾನಿ ಮೆಟ್ಟಲ ಹತ್ತಿದ ಕೂಡ್ಲೇ
ಹೊಟ್ಟಿನೋವು ಮಾಯ ಆಗೂ ಜಾತೀದು
ನಿನ್ನ ಗಾಡಿ" ಅಂದ.

ನಾಗಿಂದ್ರಮ್ಮಂದು
ಹದಿನಾಲ್ಕು ವರ್ಷ ಶಹಾಬಾದಿನ ಪಾಲಿಶ್ ಮಿಷಿನ್ ಬಾಜೂಕ ನಿಂತ ಕಿವಿ.
ಹಿಂದಿನಿಂದ ಹೆಸರ ಹಿಡಿದು ಕರದ್ರ ತಿರುಗಂಗಿಲ್ಲ ನನ್ನ ಹೆಂಡತಿ.
ಆದ್ರ ಸುತ್ತಿಗಿ ತುದೀಲೆ ಫರಸಿಗಿ ಒಂದು ಮೆಲ್ಲಕ ಏಟು ಕೊಟ್ಟು
ಇದು ಗಟ್ಟಿ, ಇದರಾಗ ಪದರ ಬಿಟ್ಟದ ಅಂತಾಳ,
ಕಿವಿಯಿಂದಲ್ಲ,
ಮಣಿಕಟ್ಟಿಗಿ ಬಂದು ಮುಟ್ಟಿದ್ದರಿಂದ.

ಆ ಐತವಾರ ಎಡಗಡಿ ಸೀಟಿನಾಗ ಕುಂತು ಚಪ್ಪಲ ಕಳದಳು,
ಬರಿಗಾಲು ತಗಡಿಗಿ ಊರಿ "ಹೊಡೀರಿ" ಅಂದಳು.
ಹಿಂದಿನ ಗಾಲಿ ಗಾರ್ಡಿನ ಬಾಜೂಕ ರುಕ್ಮೋದ್ದೀನ ಜೋತುಬಿದ್ದಾನ.
ಬ್ರೇಕರಿಗಿ ನೇರ ಹೋದೆ,
ಎರಡೂ ಗಾಲಿ ಕೂಡೇ ಏರಿ ಕೂಡೇ ಇಳದವು.
ಆಕಿ ತಲಿ ಅಲ್ಲಾಡಿಸಿದಳು, ಇಲ್ಲ.
"ಈಗ ವಾರಿ ಮಾಡಿ ಹೊಡೀರಿ.
ಒಂದೇ ಗಾಲಿ ತಗ್ಗಿಗಿ ಬೀಳ್ಲಿ."
ಠಕ್.

"ಕೂಡೇ ಬಿದ್ರ ಇಲ್ಲ.
ಒಂದು ಬಿದ್ದು ಒಂದು ನಿಂತ್ರ ಅದ.
ಎರಡೂ ಗಾಲಿ ನಡುವ ಕಟ್ಟಿದ್ದು ಏನದ ತಳಗ,
ಅದನ್ನ ನೋಡು, ಭಾಯಿ."

ರುಕ್ಮೋದ್ದೀನ ಸುಪಾರಿ ಉಗುಳಿದ.
ಜ್ಯಾಕ್ ಒಲ್ಲೆ ಅಂದ, ಗಾಲಿ ನೆಲದ ಮ್ಯಾಲೇ ಇರ್ಲಿ;
ಎತ್ತಿದಾಗ ಗಾಲಿ ಜೋತುಬಿದ್ದು ಜಗ್ಗಿ ಹಿಡೀತಿತ್ತಲ್ಲ,
ಸಡಲ ಹೆಂಗ ಸಿಗಬೇಕಿತ್ತು?
ಗೋಣಿಚೀಲ ಹಾಸಿ ತಳಗ ಸರದು
ಸ್ಟೆಬಿಲೈಜರಿನ ಲಿಂಕಿಗಿ ಹೆಬ್ಬೆರಳ ಒತ್ತಿ
"ಅಲ್ಲಾಡಿಸು" ಅಂದ.
ನಾ ಗಾಡಿ ಒಂದು ಮಗ್ಗಲಿಗಿ ದೂಡಿದೆ.
"ಹಾಯ್! ಸಿಕ್ಕಳು!"

ಗೇಣುದ್ದ ಕಬ್ಬಿಣ.
ಅದರ ಕಣ್ಣಾಗಿನ ರಬ್ಬರ್ ತೇದು ತೇದು
ಸೊರಗಿದ ಬಳಿ ಆಗಿತ್ತು.
ಮುನ್ನೂರಾ ಎಂಬತ್ತು ರೂಪಾಯಿ.
ಕೂಲಿ ಒಲ್ಲೆ ಅಂದ. ಶಾಕಪ್ಪಿನ ಮಾತು
ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.
ಹಳೀ ರಬ್ಬರ್ ಮಾತ್ರ ನಾಗಿಂದ್ರಮ್ಮ ಇಸಗೊಂಡಳು,
ಮನ್ಯಾಗಿನ ಸ್ಟೂಲಿನ ಒಂದು ಕಾಲು ಕುಣೀತದಂತ.

ತಿರುಗಿ ಬರೂ ದಾರಿ.
ಠಕ್ ಹೋದ ಮ್ಯಾಲ ಉಳದವೆಲ್ಲಾ ಎದ್ದು ಬಂದವು:
ಹಿಂದಿನ ಫಳಕಿಯ ಸರಪಳಿ,
ಸೀಟಿನ ತಳಗ ಹದಿನೇಳರ ಪಾನಾ,
ಗ್ಲಾಸಿನ ಬೀಡಿಂಗಿನಾಗ ಗಾಳಿ.
"ಮತ್ತೇನೋ ಬರ್ತದಲ?" ಅಂದೆ.
ಆಕಿಗಿ ಕೇಳಲಿಲ್ಲ.
ಬರಿಗಾಲು ತಗಡಿಗಿ ಊರಿದ್ದು ಊರಿದಂಗೇ
ನಿದ್ದಿ ಹೋಗಿದ್ದಳು.

ಭಂಕೂರ ಕ್ರಾಸಿನ ತಗ್ಗು ಬಂತು.
ಬೇಕಂತಲೇ ಎಡಗಡಿ ಗಾಲಿ ಇಳಿಸಿದೆ.
ಆಕಿ ಕಾಲಬೆರಳ ಮಿಸುಕಲಿಲ್ಲ.