ಹಿಂದಿನ ಸೀಟಿನ ಕಿಟಕಿ

ಸೊಹಾರಿನಲ್ಲಿ ನಮ್ಮ ಭಾನುವಾರ ಶುಕ್ರವಾರಕ್ಕೇ ಬರುತ್ತದೆ.
ಬೆಳಗಿನ ಪೂಜೆ, ಮಧ್ಯಾಹ್ನದ ನಿದ್ದೆ ಮುಗಿಸಿ
ಸಂಜೆ ಮತ್ತೆ ಹೊರಟೆವು, ನಾಲ್ಕನೇ ವಾರ,
ರಸ್ತೆಯ ಈಚೆಗೊಂದು ಆಚೆಗೊಂದು
ಎದುರುಬದುರು ನಿಂತ ಶೋರೂಮಿಗೆ.

ಎರಡೂ ಗಾಡಿಗೆ ಅದೇ ಗಿಡ್ಡ ಮೂಗು, ಅದೇ ಉಬ್ಬಿದ ಎದೆ,
ಕಣ್ಣು ಸಣ್ಣ ಮಾಡಿ ನೋಡುವ ಅದೇ ದೀಪ.
ಬೆಲೆಯಲ್ಲಿ ನೂರ ಎಂಬತ್ತು ರಿಯಾಲಿನ ಅಂತರ:
ನಾಲ್ಕು ಟಯರು, ಅಥವಾ ಐರಿನಳ ಒಂದು ತೆಳು ಬಳೆ.

ನಾನು ಸ್ಮೆಲ್ಟರಿನಲ್ಲಿ ಸ್ಟೋರ್‌ಕೀಪರ್,
ಬೋಲ್ಟಿನ ತಲೆ ನೋಡಿ ಅಳತೆ ಹೇಳುವವನು.
ಹಳೇ ಡೈರಿಯಲ್ಲಿ ಗೀಟೆಳೆದು ಎರಡು ಕಾಲಂ ಮಾಡಿದೆ:
ನೆಲದಿಂದ ಎತ್ತರ, ಡಿಕ್ಕಿಯ ಆಳ, ಲೀಟರಿಗೆ ಎಷ್ಟು,
ಸ್ಟೆಪ್ನಿ ಪೂರಾ ಟಯರೋ ಬಡಕಲು ಟಯರೋ,
ಆಗಸ್ಟಿನ ಮಧ್ಯಾಹ್ನ ಮೂರಕ್ಕೆ
ಏಸಿ ಎಷ್ಟು ನಿಮಿಷದಲ್ಲಿ ಕರುಣೆ ತೋರುತ್ತದೆ.
ಕೂಡಿಸಿದರೆ ಹದಿನಾಲ್ಕು, ಹದಿನಾಲ್ಕು.
ಅಳಿಸಿ ಮತ್ತೆ ಕೂಡಿಸಿದೆ. ಹದಿನಾಲ್ಕು.

ಇಲ್ಲಿಯವರೆಗೆ ನನ್ನವು ಮೂರೂ
ಇನ್ನೊಬ್ಬರು ಬಿಟ್ಟುಹೋದ ಕಾರುಗಳು.
ಮೊದಲನೆಯದರ ಸೀಟಿನಡಿ ಖರ್ಜೂರದ ಬೀಜ, ಒಂದು ಕೂದಲ ಕ್ಲಿಪ್ಪು.
ಎರಡನೆಯದರ ಡ್ಯಾಶಿನಲ್ಲಿ ಯಾರದೋ ದೇವರು ಕಿತ್ತುಹೋದ ಜಾಗ,
ಬಿಸಿಲು ಕಾಣದ ಕಪ್ಪು ಚೌಕ.
ಮೂರನೆಯದು ಈಗಿನದು. ಬಿಟ್ಟರೆ ಎಡಕ್ಕೆ ಎಳೆಯುತ್ತದೆ.
ಹಳೇ ಯಜಮಾನನ ಮನೆ ಆ ಕಡೆ ಇದ್ದಿರಬೇಕು.

ಈಚೆ ಶೋರೂಮಿನ ಶಿಹಾಬ್ ಕಾಸರಗೋಡಿನವನು.
ನಮ್ಮ ಮಾತು ಕಿವಿಗೆ ಬಿದ್ದದ್ದೇ ಇಂಗ್ಲಿಷು ಬಿಟ್ಟ, ಸುಲೇಮಾನಿ ತರಿಸಿದ.
"ಇದನ್ನೇ ತೆಗೊಳ್ಳಿ ಮಾರಾಯ್ರೆ, ಬಿಳಿ ತೆಗೊಳ್ಳಿ.
ನೀವು ಊರಿಗೆ ಹೋಗುವ ದಿನ ಗಿರಾಕಿ ಓಡಿ ಬರ್ತಾನೆ.
ಅದಕ್ಕಿಂತ ಮುನ್ನೂರು ಜಾಸ್ತಿ ಉಂಟು."

ಕೊಳ್ಳುವ ಮೊದಲೇ ಮಾರುವ ಮಾತು.
ಯಾರಿಗೂ ವಿಚಿತ್ರ ಅನ್ನಿಸಲಿಲ್ಲ.
ಫ್ರಿಜ್ಜು ಬಂದ ಪೆಟ್ಟಿಗೆಯನ್ನೂ ಎಸೆಯುವವರಲ್ಲ ನಾವು,
ಮಂಚದ ಹಿಂದೆ ಮಡಚಿ ನಿಲ್ಲಿಸುತ್ತೇವೆ.
ಹದಿನೇಳು ವರ್ಷದಿಂದ ನನ್ನ ವೀಸಾ ಎರಡೆರಡೇ ವರ್ಷದ್ದು;
ಗಾಡಿಯ ವಾರಂಟಿ ಐದು.

ಐರಿನ್ ಎರಡರ ಬಾಗಿಲನ್ನೂ ತೆಗೆದು ಹಾಕಿ ಮಾಡಿದಳು,
ತೆಂಗಿನಕಾಯಿ ಮೊಟಕಿ ಕಿವಿಯಿಡುವ ಹಾಗೆ.
"ಇದು ಧಪ್ ಅಂತದೆ, ಅದು ಟಪ್ ಅಂತದೆ."
ಯಾವುದು ಒಳ್ಳೇದು?
"ಅದು ಗೊತ್ತಿಲ್ಲ."

ಒಂಬತ್ತರ ಜೋವಿಟಾ ಹಿಂದೆ ಹತ್ತಿದಳು.
ತಿರುವು ಬಂದರೆ ಹೊಟ್ಟೆ ತೊಳಸುವ ಹುಡುಗಿ,
ಮಡಿಲಲ್ಲಿ ಸದಾ ಒಂದು ಚೀಲ, ಮೂಸಲು ಒಂದು ಲಿಂಬೆಹಣ್ಣು.
ಆಚೆಯದರಲ್ಲಿ ಕೂತಳು, ಇಳಿದಳು, ರಸ್ತೆ ದಾಟಿ ಬಂದು
ಈಚೆಯದರಲ್ಲಿ ಕೂತಳು.
"ಪಪ್ಪಾ, ಇದರ ಕಿಟಕಿ ಹಿಂದೆ ಬಂದ ಹಾಗೆ ಮೇಲೆ ಹೋಗಿದೆ.
ನನಗೆ ಬರೀ ಆಕಾಶ. ಅದರಲ್ಲಿ ರಸ್ತೆ ಕಾಣ್ತದೆ."

ಮೊಣಕಾಲು ಮಡಚಿ ಅವಳ ಎತ್ತರಕ್ಕೆ ಇಳಿದು ನೋಡಿದೆ.
ನಿಜ. ನಾಲ್ಕು ವಾರ ನಾನು ಕೂತದ್ದು ಮುಂದೆ ಮಾತ್ರ.
ಚಂದಕ್ಕೆಂದು ಯಾರೋ ಎಳೆದ ಒಂದು ಓರೆ ಗೆರೆ
ಆಡು, ಖರ್ಜೂರದ ತೋಟ, ಟಯರಂಗಡಿ,
ದೂರದ ಹಜರ್ ಬೆಟ್ಟದ ಬೂದು,
ಎಲ್ಲವನ್ನೂ ಒರೆಸಿ ಹಾಕಿತ್ತು.

ಆಚೆಯದನ್ನೇ ತೆಗೆದೆವು.
ಬಣ್ಣ ಮಾತ್ರ ಬಿಳಿ. ಅಷ್ಟೆಲ್ಲ ಧೈರ್ಯ ಒಂದೇ ಸಲ ಬರುವುದಿಲ್ಲ.
ಸುಲೇಮಾನಿಯ ಋಣ ಹಾಗೇ ಉಳಿದಿದೆ;
ಶಿಹಾಬನ ಗಾಜಿನ ಮುಂದೆ ಹಾಯುವಾಗ
ನನ್ನ ಕಾಲು ತುಸು ಭಾರವಾಗುತ್ತದೆ.

ಮೊದಲ ದಿನ, ಸೀಟಿನ ಪ್ಲಾಸ್ಟಿಕ್ ಚರಪರ ಅನ್ನುತ್ತಿರುವಾಗಲೇ,
ಮೊದಲ ರೌಂಡಬೌಟಿಗೇ ಜೋವಿಟಾ ನಿದ್ದೆಹೋದಳು.
ಲಿಂಬೆಹಣ್ಣು ಹೊಸ ಮ್ಯಾಟಿನ ಮೇಲೆ ಉರುಳಿ
ಸೀಟಿನಡಿ ಎಲ್ಲೋ ಸೇರಿತು.
ಇರಲಿ ಬಿಡಿ, ಎಂದಳು ಐರಿನ್.
ಹಿಂದಿನ ಕಿಟಕಿಯಲ್ಲಿ ರಸ್ತೆ, ಪೂರ್ತಿ ರಸ್ತೆ,
ಯಾರೂ ನೋಡದೆ ಹೋಗುತ್ತಿತ್ತು.